ಸಿಯೆನಾದಲ್ಲಿ ಬಿಟ್ಟುಬಂದ ಶೂ

ಈಸ್ಟ್ ಹ್ಯಾಮ್

ಇಟಲಿ ನೋಡಬೇಕೆಂದು ನಾನು ಯಾವತ್ತೂ ಹಂಬಲಿಸಿದವಳಲ್ಲ. ನನ್ನನ್ನು ಇಟಲಿಗೆ ಕಳಿಸಿದ್ದು ನಾಟಕದ ಟೀಚರಿಗೆ ಎದ್ದ ಸೀತಾಳೆ ಸಿಡುಬು. ಮಕ್ಕಳು ಈಸ್ಟರ್ ರಜೆಯಲ್ಲಿ ಇತಿಹಾಸದ ಪ್ರವಾಸಕ್ಕೆ ಹೊರಟು ನಿಂತಿದ್ದರು. ಜೊತೆಗೆ ಹೋಗುವ ದೊಡ್ಡವರಲ್ಲಿ ಒಬ್ಬರು ಕಡಿಮೆಯಾದರೂ ಪ್ರವಾಸ ರದ್ದು. ಇತಿಹಾಸದ ಮೇಷ್ಟ್ರು ಮಿಸ್ಟರ್ ಪ್ರೈಸ್ ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಕೇಳಿ, ಎಲ್ಲರೂ ಆಗದೆಂದು ಕೈ ಅಲ್ಲಾಡಿಸಿದ ಮೇಲೆ, ಶಾಲೆಯ ಊಟದ ಹಾಲ್‌ಗೆ ಬಂದು ನನ್ನ ಮುಂದೆ ನಿಂತರು. ನಾನು ಆ ಶಾಲೆಯಲ್ಲಿ ಕ್ಲಾಸಿನ ಸಹಾಯಕಿ. ಮಧ್ಯಾಹ್ನ ಮಕ್ಕಳನ್ನು ಗಲಾಟೆಯಿಲ್ಲದೆ ಸಾಲಿನಲ್ಲಿ ನಿಲ್ಲಿಸುವುದೂ ನನ್ನದೇ ಕೆಲಸ.

"ಮಿಸೆಸ್ ಶೆಟ್ಟಿ, ಮಕ್ಕಳು ನಿಮ್ಮ ಮಾತು ಕೇಳುತ್ತಾರೆ," ಎಂದರು. ಎಲ್ಲ ಮಕ್ಕಳು ಎಂದಿದ್ದರೆ ತಪ್ಪಾಗುತ್ತಿತ್ತು. ಆ ಗುಂಪಿನಲ್ಲಿ ನನ್ನ ಮಗಳೂ ಇದ್ದಳು.

ಅದು ಇಟಲಿಯಲ್ಲಿ ಇನ್ನೂ ಯೂರೋ ಬಾರದೆ ಲಿರಾ ನಡೆಯುತ್ತಿದ್ದ ಕಾಲ. ನಿಶಾಳಿಗೆ ಹದಿನಾಲ್ಕು ವರ್ಷ. ಹುಟ್ಟಿದ್ದು ಬೆಳೆದದ್ದು ಲಂಡನ್ನಿನ ಈಸ್ಟ್ ಹ್ಯಾಮಿನಲ್ಲಿ. ನನ್ನ ಗಂಡ ಸದಾನಂದ ಹೈ ಸ್ಟ್ರೀಟ್‌ನ ಒಂದು ದಕ್ಷಿಣ ಭಾರತದ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವರು. ಮನೆಯಲ್ಲಿ ನಾವಿಬ್ಬರೂ ಕುಂದಾಪುರದ ಕನ್ನಡ ಮಾತಾಡಿದರೆ ನಿಶಾ ಎಲ್ಲವನ್ನೂ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಶಾಲೆಯಲ್ಲಿ ನಾವು ತಾಯಿ ಮಗಳೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅಲ್ಲಿ ನಾನು ಅವಳಿಗೆ 'ಮಿಸ್'. ಕಾರಿಡಾರಿನಲ್ಲಿ ಎದುರಾದರೆ ಬಸ್‌ ಸ್ಟಾಪಿನಲ್ಲಿ ನಿಂತ ಯಾರನ್ನೋ ನೋಡಿದ ಹಾಗೆ ನೋಡಿ ದಾಟಿ ಹೋಗುತ್ತಿದ್ದಳು.

ಸುದ್ದಿ ಕೇಳಿ ಮನೆಯಲ್ಲಿ ಬಾಗಿಲು ಬಡಿದದ್ದೇ ಬಡಿದದ್ದು. "ನೋ ವೇ, ಮಮ್."

ಆ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಜಗಳವೂ ನಡೆದಿತ್ತು. ಶಾಲೆಯ ದೊಡ್ಡ ರಜೆಯಲ್ಲಿ ಕುಂದಾಪುರಕ್ಕೆ ಹೋಗುವುದೆಂದು ನಾವು, ತಾನು ಬರುವುದಿಲ್ಲವೆಂದು ಅವಳು. ಅಲ್ಲಿ ಅಜ್ಜಿಯ ಎದುರು ಕೂತು ಮಾತಾಡುವುದಾದರೂ ಏನು ಎಂದು ಅವಳ ವಾದ. ಭಾನುವಾರ ಫೋನಿನಲ್ಲಿ ನನ್ನ ಅಮ್ಮ ಮೊಮ್ಮಗಳಿಗೆ ಕೊಡು ಎನ್ನುತ್ತಿದ್ದಳು. ಇವಳು "ಹಾಯ್ ಅಜ್ಜಿ, ಫೈನ್, ಬೈ" ಎಂದು ರಿಸೀವರ್ ವಾಪಸು ಕೊಡುತ್ತಿದ್ದಳು. "ಎಷ್ಟ್ ಚಂದ ಮಾತಾಡತ್ತ್ ಮಗು," ಎಂದು ಅಮ್ಮ ಅಷ್ಟಕ್ಕೇ ಸಂತೋಷಪಡುತ್ತಿದ್ದಳು.

ಸದಾನಂದರು ಎರಡು ಜಗಳವನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರು. "ಕಾಣ್ ಮಗಾ, ಇಟಲಿಯಲ್ಲಿ ಅಮ್ಮ ಹ್ಯಾಂಗ್ ಇರ್ಕ್ ಅಂದ್ ನೀನೇ ಮೂರ್ ಮಾತ್ ಹೇಳ್. ಅಮ್ಮ ಮೂರೂ ತಪ್ರೆ ನೀ ಊರಿಗ್ ಬಪ್ಪುದ್ ಬ್ಯಾಡ. ಒಂದಾದ್ರೂ ಉಳ್ಸ್‌ಕಂಡ್ರೆ ನೀ ಬರ್ಕ್, ಅಜ್ಜಿ ಹತ್ರ ಕನ್ನಡದಲ್ಲೇ ಮಾತಾಡ್ಕ್."

ನಾನು ಒಂದು ಮಾತು ಪಾಲಿಸಿದರೂ ಅವಳು ಊರಿಗೆ ಬರಲೇಬೇಕೆಂದು ಲೆಕ್ಕ. ನಿಶಾ ಯೋಚಿಸಲೂ ಇಲ್ಲ, ಮೂರೂ ಅವಳ ನಾಲಿಗೆಯ ತುದಿಯಲ್ಲೇ ಇದ್ದವು. ಕೋಚಿನಲ್ಲಿ, ಅಂದರೆ ಪ್ರವಾಸದ ಬಸ್ಸಿನಲ್ಲಿ, ತಿಂಡಿಯ ಡಬ್ಬಿ ತೆರೆಯಬಾರದು. ಎಲ್ಲರ ಮುಂದೆ 'ಪುಟ್ಟಿ' ಎಂದು ಕರೆಯಬಾರದು. ಮೂರನೆಯದನ್ನು ಹೇಳುವಾಗ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಅಂಡ್ ಜಸ್ಟ್ ಬಿ ನಾರ್ಮಲ್."

ಮೊದಲೆರಡು ಸುಲಭ. ಮೂರನೆಯದಕ್ಕಾಗಿ ನಾನು ಹೊಸ ಬಿಳಿ ಸ್ಪೋರ್ಟ್ಸ್ ಶೂ ಕೊಂಡೆ. ಇಂಗ್ಲಿಷ್ ಹೆಂಗಸರು ಪ್ರವಾಸದಲ್ಲಿ ಅಂಥದ್ದನ್ನೇ ಹಾಕುವುದನ್ನು ನೋಡಿದ್ದೆ.

ಕೋಚಿನೊಳಗೆ

ಲಂಡನ್ನಿನಿಂದ ಇಟಲಿಗೆ ಕೋಚಿನಲ್ಲಿ ಹೋಗುವುದೆಂದರೆ ಒಂದು ಸಣ್ಣ ಸಂಸಾರ ನಡೆಸಿದ ಹಾಗೆ. ಯಾರಿಗೋ ವಾಂತಿ, ಯಾರಿಗೋ ಕಿಟಕಿ ಬೇಕು, ಯಾರದೋ ಕಾಲು ಯಾರದೋ ಸೀಟಿನಲ್ಲಿ. ಡೋವರ್‌ನಲ್ಲಿ ಹಡಗು ಹತ್ತುವ ಮೊದಲೇ ಮಕ್ಕಳು ಕಟ್ಟಿಕೊಂಡು ಬಂದ ಸ್ಯಾಂಡ್‌ವಿಚ್ ಮುಗಿಸಿದ್ದರು. ನನ್ನ ಕಾಲ ಬುಡದ ಚೀಲದಲ್ಲಿ ಸದಾನಂದರು ಕರಿದುಕೊಟ್ಟ ಚಕ್ಕುಲಿಯ ದೊಡ್ಡ ಡಬ್ಬಿ ಇತ್ತು. ನಾನು ಅದರ ಕಡೆ ನೋಡದೆ ಫ್ರಾನ್ಸಿನ ಹೊಲಗಳನ್ನೇ ನೋಡುತ್ತ ಕೂತೆ. ಎಲ್ಲ ಹೊಲವೂ ಒಂದೇ ತರಹ ಇತ್ತು.

ಬೆಟ್ಟ ಏರಿ ಇಟಲಿಗೆ ದಾಟುವ ಸುರಂಗದ ಹತ್ತಿರ ಬರುವಾಗ ಮುಂದೆ ಲಾರಿಗಳ ಸಾಲು ನಿಂತುಬಿಟ್ಟಿತು. ಕೋಚು ಅಲುಗಾಡಲಿಲ್ಲ. ಮಕ್ಕಳ ಗಲಾಟೆ ಮೊದಲು ಜೋರಾಯಿತು, ಆಮೇಲೆ ಹಸಿವಿನಿಂದ ತಾನಾಗಿ ಇಳಿಯಿತು. ಮಿಸ್ಟರ್ ಪ್ರೈಸ್ ಬೆಳಗ್ಗಿನಿಂದ ಬರೀ ಕಾಫಿ ಕುಡಿದವರು, ಮುಖ ಸುಣ್ಣದ ಹಾಗಾಗಿತ್ತು. ನನ್ನ ಕಡೆ ಬಗ್ಗಿ, ಬಹಳ ಸಂಕೋಚದಿಂದ, "ಮಿಸೆಸ್ ಶೆಟ್ಟಿ, ನಿಮ್ಮ ಹತ್ತಿರ ತಿನ್ನುವಂಥದ್ದು ಏನಾದರೂ ಇರಬಹುದೇ?" ಎಂದರು.

ಹಿಂದೆ ತಿರುಗಿ ನೋಡಿದೆ. ನಿಶಾ ನನ್ನನ್ನೇ ನೋಡುತ್ತಿದ್ದಳು. ಇಲ್ಲ ಎಂದರೆ ಸುಳ್ಳು, ಇದೆ ಎಂದರೆ ಒಪ್ಪಂದ ಮುರಿಯಿತು. ಆದರೆ ಹಸಿದ ಮನುಷ್ಯನ ಮುಂದೆ ಡಬ್ಬಿ ಮುಚ್ಚಿಟ್ಟುಕೊಂಡು ಕೂರುವುದನ್ನು ನನಗೆ ಯಾರೂ ಕಲಿಸಿಲ್ಲ. ತೆರೆದೆ. ಕೋಚಿನ ತುಂಬ ಎಳ್ಳು ಜೀರಿಗೆಯ ಪರಿಮಳ ಹಬ್ಬಿತು. ಹಿಂದಿನ ಸೀಟಿನವರೆಲ್ಲ ಎದ್ದು ಬಂದರು. ಇತಿಹಾಸದ ಮೇಷ್ಟ್ರು ಕಣ್ಣು ಮುಚ್ಚಿ ಕಟಂಕಟಂ ಎಂದು ಅಗಿಯುತ್ತಿದ್ದರು.

ನಿಶಾ ಒಂದು ಬೆರಳು ಎತ್ತಿ ತೋರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಗೆಳತಿ ರುಖ್ಸಾನಾ ಕೊಟ್ಟ ಅರ್ಧ ಚಕ್ಕುಲಿಯನ್ನು, ಕಿಟಕಿಯ ಹೊರಗೆ ನೋಡುತ್ತ, ತನಗೂ ಚಕ್ಕುಲಿಗೂ ಪರಿಚಯವೇ ಇಲ್ಲ ಎನ್ನುವ ಹಾಗೆ ತಿಂದಳು.

ವೆನಿಸ್

ವೆನಿಸ್ಸಿನಲ್ಲಿ ನೀರಿದೆ ಎಂದು ನಮ್ಮ ಕಡೆಯವರಿಗೆ ಯಾರೂ ಹೆಚ್ಚು ವರ್ಣಿಸಬೇಕಾಗಿಲ್ಲ. ನದಿ, ಹಿನ್ನೀರು, ದೋಣಿ ಎಲ್ಲ ನೋಡಿಯೇ ಬೆಳೆದವಳು ನಾನು. ಆದರೆ ಇಲ್ಲಿ ಮನೆಯ ಮೆಟ್ಟಿಲೇ ನೀರಿಗಿಳಿಯುತ್ತದೆ. ಕಸ ಒಯ್ಯುವುದೂ ದೋಣಿಯಲ್ಲಿ, ಸೋಫಾ ಬರುವುದೂ ದೋಣಿಯಲ್ಲಿ. ಒಬ್ಬ ಮುದುಕಿ ಮೇಲಿನ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು, ಕೆಳಗಿನವನು ಬ್ರೆಡ್ ಹಾಕುವವರೆಗೂ ಅವನ ಹೆಂಡತಿಯ ಆರೋಗ್ಯ ವಿಚಾರಿಸಿದಳು. ಭಾಷೆ ತಿಳಿಯದಿದ್ದರೂ ಅದು ಆರೋಗ್ಯದ ಮಾತೆಂದು ನನಗೆ ತಿಳಿಯಿತು, ಯಾಕೆಂದರೆ ಅವಳು ತನ್ನ ಸೊಂಟ ಹಿಡಿದು ತೋರಿಸುತ್ತಿದ್ದಳು. ಈಸ್ಟ್ ಹ್ಯಾಮಿನಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವರ ಹೆಸರು ನನಗೆ ಇನ್ನೂ ಗೊತ್ತಿಲ್ಲ.

ಅಲ್ಲಿ ಬಸ್ಸಿನ ಬದಲು ದೋಣಿ. ನಮ್ಮ ಗುಂಪು ದೋಣಿ ನಿಲ್ಲುವ ದಕ್ಕೆಯಲ್ಲಿ ನಿಂತಿತ್ತು. ಎರಡು ದೋಣಿ ಒಟ್ಟಿಗೆ ಬಂದವು. ಮಾತಿನಲ್ಲಿ ಮುಳುಗಿದ್ದ ನಿಶಾ ಬೇರೆ ದೋಣಿಗೆ ಕಾಲಿಟ್ಟಳು. ಹಗ್ಗ ಬಿಚ್ಚಿದರು, ನಡುವೆ ನೀರು ಅಗಲವಾಗತೊಡಗಿತು.

ಆಗ ನನ್ನ ಬಾಯಿಂದ ಬಂದದ್ದು ನಿಶಾ ಎಂಬ ಹೆಸರಲ್ಲ.

"ಪುಟ್ಟೀ!"

ಹೊಳೆಯ ಆಚೆ ದಡಕ್ಕೆ ಕೂಗಿ ಅಭ್ಯಾಸವಾದ ಗಂಟಲು ನನ್ನದು. ಪಾರಿವಾಳಗಳು ಎದ್ದವು. ದೋಣಿಯವನು ಬೆಚ್ಚಿ, ಯಾರೋ ನೀರಿಗೆ ಬಿದ್ದರೆಂದು ತಿಳಿದು ಹಿಂದೆ ಸರಿಸಿ ದಕ್ಕೆಗೆ ತಾಗಿಸಿದ. ನಿಶಾ ಇಳಿದು ಬಂದಳು, ಕೆನ್ನೆ ಟೊಮೇಟೊ ಹಣ್ಣು. ಸಂಜೆಯವರೆಗೂ ಡ್ಯಾರನ್ ಎಂಬ ಹುಡುಗ ಪ್ರತಿ ಸೇತುವೆಯ ಮೇಲೂ ನಿಂತು "ಪುಟ್ಟೀ" ಎಂದು ನನ್ನದೇ ರಾಗದಲ್ಲಿ ಕೂಗಿದ. ಅವನ ಉಚ್ಚಾರ ಬಹಳ ಶುದ್ಧವಾಗಿತ್ತು.

ಈ ಸಲ ಎರಡು ಬೆರಳು. "ದಟ್ಸ್ ಟೂ, ಮಿಸ್."

ಫ್ಲಾರೆನ್ಸ್

ಫ್ಲಾರೆನ್ಸಿನಲ್ಲಿ ನಾನು ಅಪ್ಪಟ ನಾರ್ಮಲ್. ಬಟ್ಟೆಯಿಲ್ಲದ ಅಮೃತಶಿಲೆಯ ಗಂಡಸರ ಮುಂದೆ ಹುಡುಗಿಯರು ಕಿಸಕ್ಕೆಂದಾಗ ನಾನು ಛಾವಣಿ ನೋಡಿದೆ. ಕಾಫಿ ಅಂಗಡಿಯಲ್ಲಿ ಮಾತ್ರ ಊರಿಗೆ ಬಂದ ಹಾಗಾಯಿತು. ಇಟಲಿಯವರು ಕಾಫಿಯನ್ನು ಕೂತು ಕುಡಿಯುವುದಿಲ್ಲ. ಕೌಂಟರಿಗೆ ಮೊಣಕೈ ಊರಿ ನಿಂತು, ಒಂದೇ ಗುಟುಕಿಗೆ ಮುಗಿಸಿ, ರಾಜಕೀಯದ ಒಂದು ಮಾತು ಎಸೆದು ಹೊರಟುಬಿಡುತ್ತಾರೆ. ಲಂಡನ್ನಿನಲ್ಲಿ ಬಕೆಟ್ಟಿನಷ್ಟು ದೊಡ್ಡ ಕಪ್ಪು ಹಿಡಿದು ಅರ್ಧ ದಿನ ಕೂರುವವರನ್ನು ನೋಡಿ ಬೇಸತ್ತಿದ್ದ ನನಗೆ ಇವರು ನೆಂಟರಂತೆ ಕಂಡರು.

ಸಿಯೆನಾ

ಸಿಯೆನಾ ಇಟ್ಟಿಗೆ ಬಣ್ಣದ ಊರು. ಬೀದಿಗಳೆಲ್ಲ ಏರು ಇಳಿತ. ಎತ್ತರದ ಗೋಪುರ ಹತ್ತುವವರನ್ನು ಕರೆದುಕೊಂಡು ಮಿಸ್ಟರ್ ಪ್ರೈಸ್ ಹೋದರು. ಹತ್ತಲಾರೆವು ಎಂದವರು ನನ್ನ ಪಾಲಿಗೆ ಬಂದರು. ನನ್ನ ಮಂಡಿ ಮೊದಲೇ ಬೇಡವೆಂದಿತ್ತು. ನಿಶಾ ಗೋಪುರಕ್ಕೆ ಹೋಗುತ್ತಾಳೆಂದುಕೊಂಡಿದ್ದೆ. ರುಖ್ಸಾನಾಗೆ ಎತ್ತರವೆಂದರೆ ಭಯ, ಹಾಗಾಗಿ ಅವಳೂ ಇತ್ತ ಉಳಿದಳು.

ಹೊತ್ತು ಕಳೆಯಲು ಒಂದು ಸಣ್ಣ ಚರ್ಚಿಗೆ, ನಮ್ಮ ಕಡೆಯ ಮಾತಿನಲ್ಲಿ ಇಗರ್ಜಿಗೆ, ಹೋದೆವು. ಅದರ ಹೆಸರು ಈಗ ನೆನಪಿಲ್ಲ. ಪಕ್ಕದ ಬಾಗಿಲು ತೆರೆದಿತ್ತು. ಒಳಗೆ ಕಾಲಿಡಬೇಕು, ಕೆಳಗೆ ನೋಡಿದೆ. ನೆಲದಲ್ಲಿ ಮುಖ. ಒಂದಲ್ಲ, ನೆಲದ ತುಂಬ ಮುಖ. ಕಪ್ಪು ಬಿಳಿ ಕಲ್ಲಿನಲ್ಲಿ ಸಂತರು, ಹೆಂಗಸರು, ಮಕ್ಕಳು, ಕೈ ಜೋಡಿಸಿಕೊಂಡು ಮೇಲೆ ನೋಡುತ್ತಿದ್ದಾರೆ. ಕಾಲು ತಾಗಿದರೆ ಪುಸ್ತಕವನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು ನಾನು. ದೇವರ ಮನುಷ್ಯರ ಮೂಗಿನ ಮೇಲೆ ಸ್ಪೋರ್ಟ್ಸ್ ಶೂ ಇಟ್ಟು ನಡೆಯುವುದು ಹೇಗೆ? ಆ ಕ್ಷಣದಲ್ಲಿ ನಾರ್ಮಲ್ ಎಂಬ ಮಾತು ನನ್ನ ತಲೆಯಲ್ಲೇ ಇರಲಿಲ್ಲ. ಬಗ್ಗಿ ಶೂ ಬಿಚ್ಚಿ ಬಾಗಿಲ ಪಕ್ಕ ಇಟ್ಟೆ.

ಹಿಂದೆ ಬಂದವರು ಒಂದು ಮಾತೂ ಕೇಳಲಿಲ್ಲ. ಈಸ್ಟ್ ಹ್ಯಾಮಿನ ಮಕ್ಕಳು ನೋಡಿ. ಒಬ್ಬಳು ಮಸೀದಿಗೆ ಹೋಗುವವಳು, ಇನ್ನೊಬ್ಬ ಗುರುದ್ವಾರಕ್ಕೆ, ಮತ್ತೊಬ್ಬಳು ಮುರುಗನ ಗುಡಿಗೆ. ದೇವರ ಬಾಗಿಲಲ್ಲಿ ಯಾರೋ ಶೂ ಬಿಚ್ಚಿದರೆ ತಾವೂ ಬಿಚ್ಚುವುದು ಅವರ ಕಾಲಿಗೇ ಗೊತ್ತು. ಡ್ಯಾರನ್ ಎಲ್ಲರನ್ನೂ ನೋಡಿ ತಾನೂ ಬಿಚ್ಚಿದ, ಅವನ ಒಂದು ಕಾಲುಚೀಲದಲ್ಲಿ ತೂತಿತ್ತು. ನಿಶಾ ಕೂಡ ಬಿಚ್ಚಿದ್ದಳು. ಜೋಡಿ ಜೋಡಿಯಾಗಿ ಚೆನ್ನಾಗಿ ಸಾಲು ಇಡಿಸಿದೆ. ಪಕ್ಕದಲ್ಲಿ ಯಾರೋ ಕೆಲವು ಚೀಲಗಳನ್ನು ಇಟ್ಟಿದ್ದರು, ನಾನು ಗಮನ ಕೊಡಲಿಲ್ಲ.

ಒಳಗೆ ತಣ್ಣಗಿತ್ತು. ಕಲ್ಲಿನ ಸಂತರ ನಡುವಿನ ಸಂದಿಯಲ್ಲಿ ಕಾಲಿಡುತ್ತ ಮಕ್ಕಳು ಕುಂಟಾಬಿಲ್ಲೆ ಆಡುವಂತೆ ನಡೆದರು. ಅಷ್ಟು ಸದ್ದಿಲ್ಲದ ಮಕ್ಕಳನ್ನು ನಾನು ಆ ಪ್ರವಾಸದಲ್ಲಿ ಮತ್ತೆ ನೋಡಲಿಲ್ಲ.

ಹೊರಗೆ ಬಂದರೆ ಶೂ ಇಲ್ಲ. ಒಂದೂ ಇಲ್ಲ.

"ಮಿಸ್," ಎಂದ ಡ್ಯಾರನ್, "ಎಲ್ಲಾ ನಿಕ್ ಮಾಡಿದ್ದಾರೆ, ಕದ್ದುಬಿಟ್ಟಿದ್ದಾರೆ."

ನಮ್ಮಲ್ಲೂ ಗುಡಿಯ ಮುಂದೆ ಚಪ್ಪಲಿ ಕಳುವಾಗುತ್ತದೆ. ಆದರೆ ನಮ್ಮ ಕಳ್ಳರಿಗೆ ಒಂದು ಮರ್ಯಾದೆಯಿದೆ, ಹೊಸದನ್ನು ಹಾಕಿಕೊಂಡು ಹಳೆಯದನ್ನಾದರೂ ಬಿಟ್ಟು ಹೋಗುತ್ತಾರೆ. ಇಲ್ಲಿ ನೆಲ ಗುಡಿಸಿದ ಹಾಗಿತ್ತು. ಎದುರಿನ ಕಟ್ಟೆಯಲ್ಲಿ ಕೂತ ಮುದುಕರೊಬ್ಬರು ನಮ್ಮ ಕಾಲುಗಳನ್ನು ನೋಡಿ, ಎರಡು ಕೈಯಲ್ಲಿ ಗಾಡಿ ಓಡಿಸಿ ತೋರಿಸಿ, ಚೀಲ ಎತ್ತಿ ಹಾಕಿ ತೋರಿಸಿ, ಇಳಿಜಾರಿನ ಕಡೆ ಕೈಮಾಡಿದರು. ಇಟಲಿಯವರ ಕೈಗೆ ಇರುವಷ್ಟು ವ್ಯಾಕರಣ ನನ್ನ ನಾಲಿಗೆಗೂ ಇಲ್ಲ.

ಹೊರಟೆವು. ಮುಂದೆ ನಾನು, ಹಿಂದೆ ಕಾಲುಚೀಲದ ಮೆರವಣಿಗೆ. ಪ್ರವಾಸಿಗರು ಬದಿಗೆ ಸರಿದು ಫೋಟೊ ತೆಗೆದರು. ಒಬ್ಬಾಕೆ ನಾವು ಹರಕೆ ಹೊತ್ತವರೆಂದು ತಿಳಿದು ಶಿಲುಬೆಯ ಗುರುತು ಹಾಕಿಕೊಂಡಳು. ತಿರುಗಿ ನಿಶಾಳನ್ನು ನೋಡುವ ಧೈರ್ಯ ನನಗಿರಲಿಲ್ಲ. ಊರಿಗೆ ಹೋಗುವ ವಿಮಾನದಲ್ಲಿ ಅವಳ ಸೀಟು ಖಾಲಿಯಾಗಿ ಕಾಣುತ್ತಿತ್ತು. ಜಗಲಿಯಲ್ಲಿ ಕೂತ ಅಮ್ಮ, "ಮಗು ಬರ್ಲಿಲ್ಲ್ಯಾ?" ಎಂದು ಕೇಳುವುದೂ ಕೇಳಿಸುತ್ತಿತ್ತು.

ಇಳಿಜಾರಿನ ಕೊನೆಯಲ್ಲಿ ಇಗರ್ಜಿಯವರದೇ ಒಂದು ದೊಡ್ಡ ಹಾಲ್. ಒಳಗೆ ಹಳೆ ಬಟ್ಟೆ, ಹಳೆ ಶೂಗಳ ಗುಡ್ಡ. ಬಡವರಿಗೆ ಹಂಚುವ ದಿನ ಅದು. ಬಾಗಿಲ ಪಕ್ಕ ಬಿಟ್ಟದ್ದೆಲ್ಲ ದಾನ ಎಂಬುದು ಅಲ್ಲಿಯ ರೂಢಿ. ಏಪ್ರನ್ ತೊಟ್ಟ ಒಬ್ಬ ಗಟ್ಟಿಮುಟ್ಟಾದ ಅಜ್ಜಿ ಯಜಮಾನಿಕೆ ಮಾಡುತ್ತಿದ್ದಳು. ಅಲ್ಲಿದ್ದವರೆಲ್ಲ ಅವಳನ್ನು ಅಸುಂತಾ ಎಂದು ಕರೆಯುತ್ತಿದ್ದರು. ಬರಿಗಾಲಿನಲ್ಲಿ ಬಂದ ನಮ್ಮನ್ನು ಕಂಡದ್ದೇ ಅವಳು ಎರಡೂ ಕೈ ಕೆನ್ನೆಗೆ ಹಚ್ಚಿಕೊಂಡಳು. ಏನೋ ಹೇಳಿದಳು. ನಮ್ಮನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಮಕ್ಕಳ ಪಾದಕ್ಕೆ ಶೂ ಹಿಡಿದು ಅಳತೆ ನೋಡತೊಡಗಿದಳು. ನಾವು ಶೂ ಕಳೆದುಕೊಂಡವರಲ್ಲ, ಶೂ ಬೇಡಲು ಬಂದವರು ಎಂದು ಅವಳು ತಿಳಿದಿದ್ದಳು. ಡ್ಯಾರನ್‌ಗೆ ಅವಳು ತೊಡಿಸಿದ್ದು ರುಖ್ಸಾನಾಳ ಶೂ. ಅವನು "ಗ್ರಾತ್ಸಿಯೆ" ಎಂದು ಥ್ಯಾಂಕ್ಸ್ ಹೇಳಿದ. ಪ್ರವಾಸಕ್ಕೆ ಮೊದಲು ಒಂದಿಷ್ಟು ಇಟಾಲಿಯನ್ ಕಲಿಸಿದ್ದರು, ಅವನು ಕಲಿತದ್ದು ಅದೊಂದೇ.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಕೈಯಲ್ಲಿ ಹೇಳಿದೆ. ಅವಸರಕ್ಕೆ ಕನ್ನಡದಲ್ಲೂ ಹೇಳಿದೆ. "ಅಲ್ಲ ಮಾರಾಯ್ತಿ, ಇದ್ ನಮ್ದೇ!" ಅಸುಂತಾ ನನ್ನ ಬೆನ್ನು ತಟ್ಟಿ, ನಾಚಿಕೆ ಪಡಬೇಡ ಎನ್ನುವ ಹಾಗೆ ನಕ್ಕು, ಒಂದು ಉಣ್ಣೆಯ ಕೋಟನ್ನೂ ಹೊದಿಸಿದಳು.

ಆಗ ನಿಶಾ ಎದ್ದು ನಿಂತಳು. ಇಟಾಲಿಯನ್ ಕ್ಲಾಸಿನಲ್ಲಿ ಚೆನ್ನಾಗಿ ಕಲಿತವಳು ಅವಳೊಬ್ಬಳೇ. ಕಿವಿಯವರೆಗೆ ಕೆಂಪಾಗಿ, ತಡವರಿಸುತ್ತ, ಎಲ್ಲ ಗೆಳತಿಯರ ಮುಂದೆ, ನನ್ನ ಕಡೆ ಕೈ ತೋರಿಸಿ ಮಾತಾಡಿದಳು. ನನಗೆ ಅರ್ಥವಾದದ್ದು ಎರಡೇ ಶಬ್ದ. ಮಿಯಾ ಮಮ್ಮಾ. ಉಳಿದದ್ದನ್ನು ರುಖ್ಸಾನಾ ಅವಳಿಂದಲೇ ಕೇಳಿಕೊಂಡು ಆಮೇಲೆ ನನಗೆ ಹೇಳಿದಳು: "ಇವರು ನನ್ನ ಅಮ್ಮ. ನಮ್ಮಲ್ಲಿ ದೇವರಿರುವ ಕಡೆ ಯಾರೂ ಶೂ ಹಾಕುವುದಿಲ್ಲ. ಅವರಿಗೆ ಹುಚ್ಚಿಲ್ಲ."

ಅಸುಂತಾ ಕೈಯಲ್ಲಿದ್ದ ಶೂವನ್ನು ಕೆಳಗಿಟ್ಟಳು. ಆಮೇಲೆ ಶುರುವಾಯಿತು ನೋಡಿ ಬೈಗುಳ. ಭಕ್ತಿ ಸರಿ, ಆದರೆ ಏಪ್ರಿಲ್ ತಿಂಗಳಲ್ಲಿ ಮಕ್ಕಳನ್ನು ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಸುವ ತಾಯಿ ಯಾವ ಸೀಮೆಯವಳು ಎಂಬ ಧಾಟಿ. ನಿಶಾಳ ಪಾದವನ್ನು ಎರಡು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿದಳು. ಶೀತವೆಲ್ಲ ಕಾಲಿನಿಂದಲೇ ಏರುವುದೆಂದು ನನ್ನ ಅಮ್ಮನೂ ಹೀಗೇ ಬೈಯುತ್ತಾಳೆ. ಎಲ್ಲರೂ ಗುಡ್ಡ ಕೆದಕಿ ತಮ್ಮ ತಮ್ಮ ಶೂ ಹುಡುಕಿಕೊಂಡರು. ನನ್ನದು ಮಾತ್ರ ಸಿಗಲಿಲ್ಲ. ಹೊಸದಾಗಿ ಕಂಡದ್ದರಿಂದ ಮೊದಲ ಗಾಡಿಯಲ್ಲೇ ಬೇರೆ ಊರಿಗೆ ಹೋಗಿತ್ತು. ಅಸುಂತಾ ಬಹಳ ನೊಂದು, ಮೂಲೆಯಿಂದ ಕಪ್ಪು ಚರ್ಮದ, ದಪ್ಪ ಅಟ್ಟೆಯ, ದಾರ ಕಟ್ಟುವ ಶೂ ಒಂದು ಜೋಡಿ ತಂದುಕೊಟ್ಟಳು. ಯಾವುದೋ ಕಾನ್ವೆಂಟಿನ ಸಿಸ್ಟರ್ ಹಾಕುತ್ತಿದ್ದದ್ದಂತೆ. ನನ್ನ ಕಾಲಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು.

ದಾರಿಯುದ್ದಕ್ಕೂ ಮೂರನೆಯ ಬೆರಳಿಗಾಗಿ ಕಾದೆ. ನಿಶಾ ಎತ್ತಲಿಲ್ಲ. ರುಖ್ಸಾನಾಳ ತೋಳು ಹಿಡಿದು ಮುಂದೆ ಮುಂದೆ ನಡೆದಳು. ಬೆರಳು ಎತ್ತುವುದೂ ಬೇಡ ಎನ್ನುವಷ್ಟು ಸಿಟ್ಟೆಂದು ನಾನು ಲೆಕ್ಕ ಹಾಕಿದೆ.

ರೋಮ್

ರೋಮಿನಲ್ಲಿ ನನ್ನ ಮರ್ಯಾದೆ ಏಕಾಏಕಿ ಏರಿತು. ಆ ಶೂ ನೋಡಿ ನಿಜವಾದ ಸಿಸ್ಟರುಗಳು ತಲೆಬಾಗಿದರು. ಒಬ್ಬರಂತೂ ನಿಲ್ಲಿಸಿ ಏನೋ ವಿಚಾರಿಸಿದರು, ನಾನು ಗಂಭೀರವಾಗಿ "ಈಸ್ಟ್ ಹ್ಯಾಮ್" ಎಂದೆ. ದೊಡ್ಡ ಇಗರ್ಜಿಯ ಹೊಸ್ತಿಲಲ್ಲಿ ಒಂದು ಕ್ಷಣ ತಡೆದು ನಿಂತಾಗ ಇಡೀ ಗುಂಪು ನನ್ನ ಕಾಲನ್ನೇ ನೋಡಿತು. "ಮಿಸೆಸ್ ಶೆಟ್ಟಿ, ದಯವಿಟ್ಟು," ಎಂದರು ಮಿಸ್ಟರ್ ಪ್ರೈಸ್. ಸಿಯೆನಾದ ಕಥೆಯನ್ನು ಅವರಿಗೆ ಡ್ಯಾರನ್ ಅಭಿನಯ ಸಹಿತ ಹೇಳಿಯಾಗಿತ್ತು. ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡು ಒಳಗೆ ನಡೆದೆ.

ಹಾಳುಬಿದ್ದ ಕಂಬಗಳ ನಡುವೆ ಮೇಷ್ಟ್ರು ಸಾಮ್ರಾಜ್ಯಗಳು ಬಿದ್ದ ಕಥೆ ಹೇಳಿದರು. ನನಗೆ ನನ್ನ ಸಣ್ಣ ಸಾಮ್ರಾಜ್ಯದ್ದೇ ಚಿಂತೆ. ನಿಶಾ ಇನ್ನೂ "ಮಿಸ್, ನೀರು ಇದೆಯಾ" ಎಂಬುದನ್ನು ಇಂಗ್ಲಿಷಿನಲ್ಲೇ ಕೇಳುತ್ತಿದ್ದಳು. ಬಾಟಲಿ ಕೊಡುತ್ತಿದ್ದೆ. ತೆಗೆದುಕೊಂಡು ಹೋಗುತ್ತಿದ್ದಳು.

ಶಾಲೆಯ ಗೇಟು

ಕೋಚು ಶಾಲೆಯ ಮುಂದೆ ನಿಂತಾಗ ಮಧ್ಯಾಹ್ನ. ಗೇಟಿನಲ್ಲಿ ತಂದೆ ತಾಯಂದಿರ ಗುಂಪು. ಸದಾನಂದರು ಹೋಟೆಲಿನ ಬಿಳಿ ಕೋಟಿನಲ್ಲೇ ಓಡಿ ಬಂದಿದ್ದರು. ಮಕ್ಕಳೆಲ್ಲ ಇಳಿದು, ಸೂಟ್‌ಕೇಸುಗಳ ಸುತ್ತ ಗದ್ದಲ ಹಾಕುತ್ತಿದ್ದರು. ರುಖ್ಸಾನಾ, ಡ್ಯಾರನ್ ಎಲ್ಲ ಪಕ್ಕದಲ್ಲೇ ಇದ್ದರು. ಊರಿನ ವಿಷಯ ಮನೆಗೆ ಹೋದ ಮೇಲೆ ಎತ್ತಿ ಎಂದು ಕಣ್ಣಿನಲ್ಲೇ ಹೇಳಿದೆ. ನನ್ನ ಕಣ್ಸನ್ನೆ ಅವರಿಗೆ ಯಾವತ್ತು ತಿಳಿದಿದೆ?

"ಹ್ವಾಯ್, ಎಂತಾಯ್ತ್? ಅಮ್ಮ ಎಷ್ಟ್ ತಪ್ಪಿತ್?" ಎಂದು ಎಲ್ಲರ ಮುಂದೆ ಕೇಳಿಬಿಟ್ಟರು.

ನಾನು ನೆಲ ನೋಡಿದೆ. ಮೂರು ಎನ್ನುವುದನ್ನು ಕೇಳಲು ಮನಸ್ಸು ಗಟ್ಟಿ ಮಾಡಿಕೊಂಡೆ.

"ಎರಡೇ ಅಪ್ಪ," ಎಂದಳು ನಿಶಾ. "ಅಮ್ಮ ಎರಡೇ ತಪ್ಪಿದ್ದ್."

ಕನ್ನಡದಲ್ಲಿ ಅಂದಿದ್ದಳು. ಗೆಳತಿಯರ ನಡುವೆ ನಿಂತು, ಗೇಟಿನಲ್ಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಸದಾನಂದರು ಮಗಳನ್ನು ನೋಡಿ ನಕ್ಕುಬಿಟ್ಟರು. ಆಮೇಲೆ ಅವರ ದೃಷ್ಟಿ ಕೆಳಗೆ ನನ್ನ ಕಾಲಿಗೆ ಇಳಿಯಿತು.

"ಮತ್ ಇದೆಂತ ಶೂ? ನಿಂದ್ ಬಿಳಿ ಶೂ ಎಲ್ಲೋಯ್ತ್?"

ನಾನು ಬಾಯಿ ತೆರೆಯುವ ಮೊದಲೇ ನಿಶಾ ಸೂಟ್‌ಕೇಸ್ ಎತ್ತಿಕೊಂಡು ಮುಂದೆ ನಡೆದಳು. "ಅದ್ ದೊಡ್ಡ್ ಕಥಿ," ಎಂದಳು ತಿರುಗದೆಯೇ. "ಊರಿಗ್ ಹೋಯಿ ಮೊದ್ಲ್ ಅಜ್ಜಿಗ್ ಹೇಳ್ಕ್. ನಿಮ್ಗ್ ಆಮೇಲ್."

ನನ್ನ ಕಣ್ಣು ತುಂಬಿಬಂತು. ಎಲ್ಲರ ಮುಂದೆ ಅಳುವುದು ನಾರ್ಮಲ್ ಅಲ್ಲವಾದ್ದರಿಂದ, ಬಗ್ಗಿ ಸಿಸ್ಟರ ಶೂವಿನ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದೆ.